ತುಟಿಯ ಮೇಲಿಟ್ಟ ಬೆರಳು

೧೯೯೬ನೇ ಇಸವಿ. ಗಣಪತಿ ಹಬ್ಬ ಮುಗಿದು ಹದಿನೈದು ದಿನ ಆಗಿರಬಹುದು. ಆಗ ನನಗೆ ಮೂವತ್ತಾರು ವರ್ಷ. ಶಿಕಾರಿಪುರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಟೀವಿಯನ್ನೂ ಬಿಚ್ಚುತ್ತಿದ್ದೆ, ಕೂಡಿಸುವುದು ಮಾತ್ರ ಒಮ್ಮೊಮ್ಮೆ ತಡವಾಗುತ್ತಿತ್ತು. ಆ ವಾರ ನಾನು ಮಾಡಿದ ಒಂದು ತಪ್ಪನ್ನು ಹೆಂಡತಿಯನ್ನು ಬಿಟ್ಟರೆ ಇಂದಿನವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಅದು ಅರ್ಥವಾಗಬೇಕಾದರೆ ಅದಕ್ಕಿಂತ ಹಿಂದಿನ ಎರಡು ಸಂಗತಿ ಹೇಳಬೇಕು. ಒಂದು ನನ್ನ ಮದುವೆಯದು, ಇನ್ನೊಂದು ಒಂದು ಪುಸ್ತಕದ್ದು.

ನನ್ನ ಮದುವೆ ಆದದ್ದು ೧೯೮೭ರಲ್ಲಿ. ನನ್ನ ಅವ್ವನಿಗೆ ಒಬ್ಬಳೇ ತಂಗಿ, ನೀಲಮ್ಮ. ನನಗೆ ಚಿಗವ್ವ. ಸೊರಬ ತಾಲ್ಲೂಕಿನ ಜಡೆಗೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ. ನನ್ನ ಮದುವೆಗೆ ಒಂದು ವರ್ಷ ಮೊದಲು ಅವಳ ಗಂಡ ತೀರಿಕೊಂಡಿದ್ದರು. ನಮ್ಮ ಕಡೆ ಮದುವೆ ಕಾರ್ಡು ಹೊರಗಿನವರಿಗೆ. ಒಡಹುಟ್ಟಿದವರನ್ನು ಮನೆಗೆ ಹೋಗಿ, ಕೂತು, ಚಹಾ ಕುಡಿದು, ಬಾಯ್ತುಂಬ ಕರೆಯಬೇಕು. ಹಾಗೆ ಕರೆಯದಿದ್ದರೆ ಕರೆದಂತೆಯೇ ಅಲ್ಲ. ಆ ವಾರ ಅವ್ವನಿಗೆ ಜ್ವರ. ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು.

"ಜಡಿಗೆ ನೀನ ಹೋಗಿ ಬಾ. ಕಾರ್ಡು ಗೀರ್ಡು ಏನೂ ಬ್ಯಾಡ. ಕಾಲಿಗೆ ಬಿದ್ದು, 'ಚಿಗವ್ವ, ನೀನ ಮುಂದ ನಿಂತು ಎಲ್ಲಾ ನಡಸ್ಬೇಕು' ಅಂತ ಬಾಯ್ತುಂಬ ಕರಿ. ಗಂಡ ಹೋದ ಹೆಣ್ಮಗಳು, ಶುಭಕಾರ್ಯಕ್ಕ ಬರಾಕ ಹಿಂದ ಮುಂದ ನೋಡ್ತಾಳ. ಬಿಡಬ್ಯಾಡ."

ನಾನು ಹೋದೆ. ಚಿಗವ್ವನ ಮನೆಗೆ ಬೀಗ. ಗದ್ದೆಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದರು ಪಕ್ಕದ ಮನೆಯವರು. ನಾನು ಬಂದ ಬಸ್ಸೇ ತಿರುಗಿ ಸೊರಬಕ್ಕೆ ಹೊರಟು ನಿಂತಿತ್ತು. ಮದುವೆ ಗಂಡು, ನೂರೆಂಟು ಕೆಲಸ. ಜೇಬಿನಲ್ಲಿ ಒಂದು ಕಾರ್ಡು ಇತ್ತು. ಅದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಓಡಿ ಹೋಗಿ ಬಸ್ಸು ಹತ್ತಿದೆ. ಮನೆಗೆ ಬಂದಾಗ ಅವ್ವ ಕೇಳಿದಳು, "ಬಾಯ್ತುಂಬ ಕರ್ದೇನೋ?" ನಾನು, "ಹ್ಞೂಂನವ್ವ, ಕಾಲಿಗೆ ಬಿದ್ದು ಕರ್ದೆ. ಬರ್ತೀನಿ ಅಂದ್ಳು" ಎಂದೆ.

ಚಿಗವ್ವ ಬರಲಿಲ್ಲ. ಧಾರೆಯ ಹೊತ್ತಿನವರೆಗೂ ಅವ್ವ ಛತ್ರದ ಬಾಗಿಲು ನೋಡುತ್ತಲೇ ಇದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು. ಅಂದಿನಿಂದ ಅಕ್ಕ ತಂಗಿ ಮಾತು ಬಿಟ್ಟರು. ಬಾಯ್ತುಂಬ ಕರೆದರೂ ಬರಲಿಲ್ಲ ಎಂದು ಇವಳಿಗೆ ಸಿಟ್ಟು. ಕಾರ್ಡು ಸಿಕ್ಕಿಸಿ ಹೋದರು ಎಂದು ಅವಳಿಗೆ. ನೆಂಟರ ಮನೆಯ ಕಾರ್ಯಗಳಲ್ಲಿ ಒಬ್ಬರು ಈ ಪಂಕ್ತಿಯಲ್ಲಿ ಕೂತರೆ ಇನ್ನೊಬ್ಬರು ಆ ಪಂಕ್ತಿಯಲ್ಲಿ ಕೂರುತ್ತಿದ್ದರು. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಮೊದಲ ತಿಂಗಳು ನಾಚಿಕೆ, ಮೊದಲ ವರ್ಷ ಹೆದರಿಕೆ, ಆಮೇಲೆ ಇಷ್ಟು ದಿನದ ಮೇಲೆ ಹೇಗೆ ಹೇಳುವುದು ಎನ್ನುವ ನೆಪ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳು ಒಂಬತ್ತು ವರ್ಷ ಆರಾಮಾಗಿ ಓಡಾಡಿಕೊಂಡಿತ್ತು.

ಇನ್ನು ಪುಸ್ತಕದ ವಿಷಯ. ೧೯೯೫ರ ಮಳೆಗಾಲದ ಕೊನೆಯಲ್ಲಿ ಗುಡವಿಗೆ ಹಕ್ಕಿ ನೋಡಲು ಬಂದಿದ್ದ ಪರದೇಶದವರೊಬ್ಬರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಉದ್ದನೆಯ ಮನುಷ್ಯ, ಕೆಸರು ಮೆತ್ತಿದ ಬೂಟು. ಹಕ್ಕಿಗಳ ಕೂಗು ಹಿಡಿಯುವುದಕ್ಕೆಂದು ತಂದಿದ್ದ ಅವರ ಟೇಪ್ ರೆಕಾರ್ಡರು ತೇವ ಕುಡಿದು ನಿಂತುಬಿಟ್ಟಿತ್ತು. ಬಿಚ್ಚಿ, ಒಣಗಿಸಿ, ಒಂದು ಬೆಲ್ಟು ಬದಲಿಸಿದೆ. ಪರೀಕ್ಷೆ ಮಾಡುವಾಗ ಅವರು ರೆಕಾರ್ಡ್ ಗುಂಡಿ ಒತ್ತಿ, ನಮ್ಮೆಲ್ಲರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅಂಗಡಿಯ ಮುಂದೆ ಹರಟೆ ಹೊಡೆಯುತ್ತಿದ್ದವರೆಲ್ಲ ಗಪ್‌ಚಿಪ್. ರೆಕಾರ್ಡ್ ಆಗುವಾಗ ಪಕ್ಕದಲ್ಲಿ ಆಡಿದ ಮಾತೆಲ್ಲ ಒಳಗೆ ಹೋಗಿಬಿಡುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದರು. ನನ್ನ ಕಸುಬೇ ಅದು, ಆದರೂ ಅವರು ಬೆರಳಿಟ್ಟ ರೀತಿ ನನಗೆ ಬಹಳ ಹಿಡಿಸಿತು.

ಹೋಗುವಾಗ ಚೀಲದಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಮೈಂಡ್, ಟೇಪ್, ಸೇಮ್" ಎಂದು ತಲೆ ಮುಟ್ಟಿ, ರೆಕಾರ್ಡರು ಮುಟ್ಟಿ ತೋರಿಸಿದರು. ತಮಗೆ ಒಳ್ಳೆಯದಾಯಿತು ಅನ್ನಿಸಿದ್ದನ್ನು ಪ್ರೀತಿಯಿಂದ ಕೊಟ್ಟು ಹೋದರು. ಅವರನ್ನಾಗಲಿ, ಆ ಪುಸ್ತಕ ನಂಬುವವರನ್ನಾಗಲಿ ಹಳಿಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ನನ್ನ ಇಂಗ್ಲಿಷು ರೆಸಿಸ್ಟರ್, ಕೆಪ್ಯಾಸಿಟರ್ ದಾಟಿ ಮುಂದೆ ಹೋಗುತ್ತಿರಲಿಲ್ಲ. ನಮ್ಮ ಬೀದಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ರುದ್ರಯ್ಯನವರು ಸಂಜೆ ವಾರ್ತೆ ಕೇಳುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದರು. ದಿನಕ್ಕೆ ನಾಲ್ಕು ಪುಟದಂತೆ ಅವರೇ ಓದಿ ಹೇಳಿದರು. ಅದು ಒಂದು ಹೊಸ ಮತದ ಪುಸ್ತಕ, ಆ ಮತದ ಹೆಸರು ಸೈಂಟಾಲಜಿ. ಅದನ್ನು ಹುಟ್ಟುಹಾಕಿದವರು ಅಮೆರಿಕದ ಒಬ್ಬ ಕಥೆಗಾರರು. ರಾಕೆಟ್ಟು, ಬೇರೆ ಗ್ರಹ ಎಂದು ಪತ್ರಿಕೆಗಳಿಗೆ ಸರಸರ ಕಥೆ ಬರೆಯುತ್ತಿದ್ದವರು. ಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲೂ ಇದ್ದರಂತೆ. ೧೯೫೦ರಲ್ಲಿ ಮನಸ್ಸಿನ ಚಿಕಿತ್ಸೆಯ ಬಗ್ಗೆ ಒಂದು ಪುಸ್ತಕ ಬರೆದರು, ಅದು ಬಿಸಿ ಬಿಸಿಯಾಗಿ ಖರ್ಚಾಯಿತು. ಕೆಲವೇ ವರ್ಷಗಳಲ್ಲಿ ಚಿಕಿತ್ಸೆ ಹೋಗಿ ಧರ್ಮವೇ ಆಯಿತು.

"ಇವರು ಹೇಳೋದು ಏನು ಗೊತ್ತಾ ಬಸಣ್ಣ," ಎಂದು ಮೇಷ್ಟ್ರು ಕನ್ನಡಕ ಮೇಲೆ ಮಾಡಿ ವಿವರಿಸಿದರು. "ನೀನು ಈ ದೇಹ ಅಲ್ಲ, ಈ ಮನಸ್ಸೂ ಅಲ್ಲ. ಒಳಗೆ ಸಾವಿಲ್ಲದ ಒಬ್ಬ ಇದಾನೆ. ಒಂದು ಮೈ ಬಿಟ್ಟು ಇನ್ನೊಂದು ಮೈಗೆ ಹೋಗ್ತಾ ಇರ್ತಾನೆ. ಇದು ನಮ್ಮ ಪುನರ್ಜನ್ಮನೇ ಅಲ್ವೇನಪ್ಪ? ಅಮೆರಿಕಕ್ಕೆ ಹೋಗಿ ಕೋಟು ಹಾಕ್ಕೊಂಡು ವಾಪಸ್ ಬಂದೈತಿ."

ನನ್ನನ್ನು ಹಿಡಿದದ್ದು ಪುನರ್ಜನ್ಮವಲ್ಲ, ಮನಸ್ಸಿನ ಮಾತು. ಮನಸ್ಸಿನಲ್ಲಿ ಎರಡು ಭಾಗ ಇದೆಯಂತೆ. ಒಂದು ಲೆಕ್ಕ ಹಾಕಿ ಯೋಚಿಸುವುದು. ಇನ್ನೊಂದು ಯೋಚಿಸದೆ ಸುಮ್ಮನೆ ರೆಕಾರ್ಡ್ ಮಾಡಿಕೊಳ್ಳುವುದು. ಪೆಟ್ಟು ಬಿದ್ದಾಗ, ಪ್ರಜ್ಞೆ ತಪ್ಪಿದಾಗ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ಓಡುತ್ತಲೇ ಇರುತ್ತದೆ. ಆಗ ಪಕ್ಕದಲ್ಲಿ ಯಾರು ಏನು ಆಡಿದರೂ ನೋವಿನ ಜೊತೆಗೆ ಅದೂ ಅಚ್ಚಾಗುತ್ತದೆ. ಮುಂದೆ ಆ ಮಾತೇ ಒಳಗಿನಿಂದ ಮನುಷ್ಯನನ್ನು ಕುಣಿಸುತ್ತದೆ. ಆದ್ದರಿಂದ ಪ್ರಜ್ಞೆ ತಪ್ಪಿದವರ ಹತ್ತಿರ, ಹೆರಿಗೆಯ ಕೋಣೆಯಲ್ಲಿ ಯಾರೂ ಮಾತಾಡಬಾರದು. ಅಚ್ಚಾದದ್ದನ್ನು ಅಳಿಸಬೇಕಾದರೆ ಎರಡು ಡಬ್ಬಿಗಳನ್ನು ಕೈಯಲ್ಲಿ ಹಿಡಿದು, ತರಬೇತಾದ ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಡಬ್ಬಿಗೆ ತಂತಿ, ತಂತಿಯ ತುದಿಗೆ ಮೀಟರು. ನೋವಿರುವ ಕಡೆ ಮೀಟರಿನ ಮುಳ್ಳು ಅಲುಗುತ್ತದೆ. ಆ ಸಂಗತಿಯನ್ನು ಮತ್ತೆ ಮತ್ತೆ ಹೇಳಿಸಿದರೆ ನೋವು ಸವೆದು ಮನಸ್ಸು ಚೊಕ್ಕಟವಾಗುತ್ತದೆ. ಅಲ್ಲಿಂದ ಮೇಲೆ ಇನ್ನೂ ಮೆಟ್ಟಿಲುಗಳಿವೆ, ಅವು ಹತ್ತಿದವರಿಗೆ ಮಾತ್ರ ಹೇಳುವ ಗುಟ್ಟು ಎಂದು ಮೇಷ್ಟ್ರು ಬೇರೆಲ್ಲೋ ಓದಿದ್ದರಂತೆ. ಮೇಲಿನದು ನನಗೆ ಬೇಕಿರಲಿಲ್ಲ. ಎರಡು ಡಬ್ಬಿ, ಒಂದು ಮುಳ್ಳು, ನಾಲ್ಕು ರೆಸಿಸ್ಟರು ಎಲ್ಲವೂ ನನ್ನ ಅಂಗಡಿಯಲ್ಲೇ ಇದ್ದವು.

ಹಳೇ ಮೀಟರೊಂದರ ಮುಳ್ಳು ಕಿತ್ತು, ಹಾಲಿನ ಪುಡಿಯ ಎರಡು ಡಬ್ಬಿಗೆ ತಂತಿ ಬೆಸೆದು ಒಂದು ಯಂತ್ರ ಮಾಡಿದೆ. ಮೊದಲು ಹಿಡಿದವಳು ನನ್ನ ಹೆಂಡತಿ ಶಾಂತ. "ನಿನ್ನ ಮನಸ್ಸಿನ್ಯಾಗ ಏನೈತಿ?" ಎಂದು ಗಂಭೀರವಾಗಿ ಕೇಳಿದೆ. "ಅಕ್ಕಿ ಆರಿಸೋದೈತಿ" ಎಂದಳು. ಮುಳ್ಳು ಅಲುಗಲೇ ಇಲ್ಲ. ಆಮೇಲೆ ಅಂಗಡಿಗೆ ಬಂದವರೆಲ್ಲ ಹಿಡಿದು ನೋಡುವವರೇ. ರಿಪೇರಿಗೆ ಬಂದ ರೇಡಿಯೋಗಳು ಮೂಲೆಯಲ್ಲಿ ಕೂತವು. ಊರಿನಲ್ಲಿ ನನಗೆ ಡಬ್ಬಿ ಬಸಣ್ಣ ಎಂದು ಹೆಸರು ಬಿತ್ತು. ನನಗೇನೋ ಅದು ಬಿರುದಿನ ಹಾಗೇ ಕೇಳಿಸುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ, ನನ್ನದು ಹಾಗಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವ್ವನ ಕೈಗೂ ಡಬ್ಬಿ ಕೊಟ್ಟೆ. ಅದು ಇದು ಕೇಳುತ್ತಾ, "ತಂಗಿ" ಎಂಬ ಮಾತು ಬಂದಾಗ ಮುಳ್ಳು ಆ ತುದಿಗೆ ಹೋಗಿ ಬಡಿಯಿತು. ಅವ್ವ ತಾನಾಗಿಯೇ ಹೇಳಿದಳು.

"ನನ್ನ ಮಗ ಹೋಗಿ ಕಾಲಿಗೆ ಬಿದ್ದು ಕರ್ದ. ಆದ್ರೂ ನೀಲಿ ಬರ್ಲಿಲ್ಲ."

ಪುಸ್ತಕದ ಪ್ರಕಾರ ಮತ್ತೆ ಹೇಳಿಸಬೇಕು. "ಇನ್ನೊಂದ್ಸಲ ಹೇಳವ್ವ" ಎಂದೆ. ಹೇಳಿದಳು. ಇನ್ನೂ ಒಂದು ಸಲ ಎಂದೆ. ಆಗಲೂ ಹೇಳಿದಳು, ಆದರೆ ದನಿ ಒಡೆದಿತ್ತು. ಡಬ್ಬಿಗಳನ್ನು ನೆಲಕ್ಕಿಟ್ಟು, "ನಿನ್ನ ಮುಳ್ಳು ಕುಣಿದ್ರ ನನ್ನ ತಂಗಿ ಬರ್ತಾಳೇನೋ?" ಎಂದು ಎದ್ದು ಹೋದಳು. ನನ್ನದೇ ಸುಳ್ಳನ್ನು ಅವ್ವನ ಬಾಯಲ್ಲಿ ಮೂರು ಸಲ ಹೇಳಿಸಿದ್ದೆ. ನಿಜವಾಗಿ ಆ ಡಬ್ಬಿಗಳನ್ನು ಆ ದಿನ ಹಿಡಿಯಬೇಕಾಗಿದ್ದವನು ನಾನು. ಹಿಡಿಯಲಿಲ್ಲ.

ಇದಾದ ಮೇಲೆ ಬಂದದ್ದು ಆ ವಾರ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವ್ವ ಹಾಗೇ ಕುಸಿದಳು. ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಲಕ್ವ ಹೊಡೆದಿದೆ, ಪ್ರಜ್ಞೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ನರ್ಸಮ್ಮ ಒಬ್ಬರು ಸಲೈನ್ ಹಾಕುತ್ತಾ, "ಮಾತಾಡಿಸ್ತಾ ಇರ್ರಿ. ಕೆಲವ್ರಿಗೆ ಒಳಗ ಎಲ್ಲಾ ಕೇಳಸ್ತತಿ" ಎಂದರು.

ಕೇಳಿಸುತ್ತದೆ ಎಂದೇ ಅಲ್ಲವೇ ಪುಸ್ತಕವೂ ಹೇಳಿದ್ದು! ಯಾರಾದರೂ "ಇನ್ನು ಉಳಿಯಲ್ಲ ಬಿಡು" ಎಂದರೆ ಅದೇ ಅಚ್ಚಾಗಿಬಿಟ್ಟರೆ? ಹಳೇ ರಟ್ಟಿನ ಮೇಲೆ "ಇಲ್ಲಿ ಯಾರೂ ಮಾತಾಡಬಾರದು" ಎಂದು ಬರೆದು ಮಂಚದ ಕಬ್ಬಿಣಕ್ಕೆ ಕಟ್ಟಿದೆ. ನೋಡಲು ಬಂದ ನೆಂಟರಿಗೆಲ್ಲ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಶಾಂತ ಅತ್ತೆಯ ಕಿವಿಯಲ್ಲಿ ಶಿವನ ನಾಮ ಹೇಳಲು ಬಗ್ಗಿದಳು. ಅದನ್ನೂ ಬೇಡ ಎಂದೆ. ಹೊರಗೆ ಬಂದು ಅವಳು, "ಸತ್ತ ಮನಿಯಾಗೂ ಹಿಂಗ ಇರಲ್ಲರೀ" ಎಂದಳು. ನಾನು ಸಿಡುಕಿದೆ.

ಎರಡನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಚಿಗವ್ವ ನಿಂತಿದ್ದಳು. ಶಾಂತ ನನಗೆ ಹೇಳದೆ ಬಸ್ ಕಂಡಕ್ಟರ ಕೈಯಲ್ಲಿ ಜಡೆಗೆ ಸುದ್ದಿ ಮುಟ್ಟಿಸಿದ್ದಳು. ಒಂಬತ್ತು ವರ್ಷದಲ್ಲಿ ಚಿಗವ್ವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಸರದಲ್ಲಿ ಹೊರಟಿದ್ದಳೇನೋ, ಸೀರೆಯ ಅಂಚಿಗೆ ಕೊಟ್ಟಿಗೆಯ ಸಗಣಿ ಹಾಗೇ ಇತ್ತು. ಮಂಚದ ಹತ್ತಿರ ಬಂದು, ಅವ್ವನ ಮುಖ ನೋಡಿ, ಬಾಯಿ ತೆರೆದಳು.

"ಅಕ್ಕ..."

ನಾನು ಎದ್ದು ನಿಂತು ತುಟಿಯ ಮೇಲೆ ಬೆರಳಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. "ಅಕ್ಕ, ನಾನು ಕಣೆ" ಎನ್ನುವಷ್ಟರಲ್ಲಿ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದೆ.

"ಚಿಗವ್ವ, ಈಗ ಏನೂ ಮಾತಾಡಬಾರ್ದು. ಪ್ರಜ್ಞೆ ಇಲ್ದಾಗ ಆಡಿದ್ದೆಲ್ಲಾ ಒಳಗ ಅಚ್ಚಾಗ್ತತಿ. ಎಚ್ಚರಾದ ಮ್ಯಾಲೆ ಮಾತಾಡೀವಂತಿ."

"ಏನೋ ಹಂಗಂದ್ರೆ? ನಾನು ಮಾತಾಡಕ್ಕೇ ಬಂದೀನಿ ಕಣೋ ಬಸ್ಯಾ. ಮಾತು ಬಿಟ್ಟು ಒಂಬತ್ತು ವರ್ಷ ಆತು."

"ಡಾಕ್ಟ್ರ ಪುಸ್ತಕದಾಗ ಐತಿ" ಎಂದೆ. ಅದು ಯಾವ ಡಾಕ್ಟರ ಪುಸ್ತಕವೂ ಅಲ್ಲ. ಓದು ಬಾರದ ಚಿಗವ್ವ ಪುಸ್ತಕ ಎಂದ ಕೂಡಲೇ ಸುಮ್ಮನಾದಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪುಸ್ತಕವನ್ನು ನಾನು ನಂಬಿದ್ದೆ, ಅದು ಸುಳ್ಳಲ್ಲ. ಆದರೆ ಅವಳ ತೋಳು ಹಿಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಪುಸ್ತಕ ಒಂದೇ ಅಲ್ಲ. ಚಿಗವ್ವ ಬಾಯಿ ಬಿಟ್ಟರೆ ಮೊದಲು ಬರುವುದೇ ಆ ಕಾರ್ಡಿನ ಮಾತು. ಸುತ್ತ ನೆಂಟರಿದ್ದಾರೆ, ಶಾಂತ ಇದ್ದಾಳೆ. ಪುಸ್ತಕ ನನಗೆ ಒಳ್ಳೆಯ ಹೊತ್ತಿನಲ್ಲಿ ಒಳ್ಳೆಯ ನೆಪ ಕೊಟ್ಟಿತು. ಎಷ್ಟು ನಂಬಿಕೆ, ಎಷ್ಟು ನೆಪ ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ.

ಚಿಗವ್ವ ಒಳಗೆ ಬಂದು ಅವ್ವನ ಕಾಲ ಬಳಿ ಕೂತಳು. ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಸುಮಾರು ಎರಡು ಗಂಟೆ ಹಾಗೇ ಕೂತಿದ್ದಳು. ಆಗಾಗ ತುಟಿ ಅಲುಗುತ್ತಿತ್ತು, ನನ್ನ ಕಡೆ ನೋಡಿ ಮುಚ್ಚಿಕೊಳ್ಳುತ್ತಿದ್ದಳು. ಕಣ್ಣೀರು ಬಂದಾಗ ಸದ್ದಾಗದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡಳು. ಅವಳ ಮನೆಯಲ್ಲಿ ಹಸು ಈಯುವುದರಲ್ಲಿತ್ತು, ನೋಡಿಕೊಳ್ಳುವವರು ಇರಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಎದ್ದಳು. ಹೊರಗೆ ಬಂದು ನನ್ನ ಕೈ ಹಿಡಿದು, "ಎಚ್ಚರಾದ ತಕ್ಷಣ ಹೇಳಿ ಕಳ್ಸೋ. ನನಗೆ ಮಾತಾಡದು ಐತೆ" ಎಂದಳು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅವ್ವ ಕಣ್ಣು ಬಿಟ್ಟಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ನಾನು ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ.

"ನೀಲಿ... ಬಂದಿದ್ಲೇನೋ?"

"ಹ್ಞೂಂನವ್ವ, ನಿನ್ನೆ ಬಂದಿದ್ಲು."

"ಕಾಲು ಹಿಡ್ಕಂಡಿದ್ಲು. ಅವಳ ಕೈ... ನನಗ ಗೊತ್ತಾಗಲ್ಲೇನು?" ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಆದ್ರ ಮಾತಾಡ್ಲಿಲ್ಲ. ಕಾದೆ... ಮಾತಾಡ್ಲಿಲ್ಲ. ಇನ್ನೂ ಸಿಟ್ಟು ಹೋಗಿಲ್ಲ ಅವಳಿಗೆ."

ಆಗಲೇ ಹೇಳಬೇಕಿತ್ತು. 'ಅವಳಿಗೆ ಸಿಟ್ಟಿಲ್ಲವ್ವ, ಮಾತಾಡಬೇಡ ಅಂದವನು ನಾನು. ಅವತ್ತು ಬಾಯ್ತುಂಬ ಕರೆಯದವನೂ ನಾನೇ.' ಇಷ್ಟೇ ಮಾತು. ಎರಡು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ಚಿಗವ್ವನನ್ನೇ ಕರೆತಂದು ಎದುರಿಗೆ ನಿಲ್ಲಿಸಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂದುಕೊಂಡೆ. "ಈಗ್ಲೇ ಹೋಗಿ ಕರ್ಕಂಡ್ ಬರ್ತೀನವ್ವ" ಎಂದೆ. ಅವ್ವ ನೆಟ್ಟಗಿದ್ದ ಕೈಯಿಂದ ನನ್ನ ಅಂಗಿ ಹಿಡಿದು, "ಬಾಯ್ತುಂಬ... ಕರಿ" ಎಂದಳು.

ಸಿಕ್ಕ ಬಸ್ಸು ಹತ್ತಿದೆ. ಶಿರಾಳಕೊಪ್ಪ, ಸೊರಬ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಜಡೆ. ಬಸ್ಸು ನಿಂತ ನಿಂತಲ್ಲೆಲ್ಲ ನನಗೆ ಡ್ರೈವರನ ಮೇಲೆ ಸಿಟ್ಟು ಬರುತ್ತಿತ್ತು. ಜಡೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಈ ಸಲ ಬಾಗಿಲು ತೆರೆದಿತ್ತು. ಚಿಗವ್ವ ಕೊಟ್ಟಿಗೆಯಲ್ಲಿ ಹೊಸ ಕರುವಿನ ಮೈ ಒರೆಸುತ್ತಿದ್ದಳು. ಹೋದವನೇ ಸಗಣಿ ನೆಲದಲ್ಲೇ ಅವಳ ಕಾಲಿಗೆ ಬಿದ್ದೆ.

"ಚಿಗವ್ವ, ಅವ್ವ ಕಣ್ಣು ಬಿಟ್ಟಾಳ. ನಿನ್ನ ಕೇಳ್ತಾಳ. ನೀನು ಬರಲೇಬೇಕು" ಎಂದು ಬಾಯ್ತುಂಬ ಕರೆದೆ.

ಅವಳು ಕೈ ತೊಳೆದು, ಕರುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬೀಗ ಹಾಕಿ ಹೊರಟಳು. ಹಿಂದಿನ ದಿನ ಸುಮ್ಮನಿದ್ದದ್ದಕ್ಕೆಲ್ಲ ಸೇರಿಸಿ ಬಸ್ಸಿನಲ್ಲಿ ಮಾತೇ ಮಾತು. ಅಕ್ಕನಿಗೆ ಏನೇನು ಹೇಳಬೇಕು ಎಂದು ನನಗೆ ಹೇಳಿ ಹೇಳಿ ಜೋಡಿಸಿಕೊಳ್ಳುತ್ತಿದ್ದಳು. ಆ ಸಂಭ್ರಮ ನನಗೆ ತಡೆಯಲಾಗಲಿಲ್ಲ. ಸೊರಬದಲ್ಲಿ ಇಳಿದು ಶಿಕಾರಿಪುರದ ಬಸ್ಸಿಗೆ ಕಾಯುತ್ತಾ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದಾಗ ಎಲ್ಲ ಹೇಳಿಬಿಟ್ಟೆ. ಬೀಗ, ಕಾರ್ಡು, ಬಸ್ಸು, ಅವ್ವನಿಗೆ ಹೇಳಿದ ಸುಳ್ಳು.

ಕಡಲೆಕಾಯಿ ಮಾರುವವನು ಎರಡು ಸಲ ಬಂದು ಹೋದ.

"ಕಾರ್ಡಿನ ನಾಕೂ ಮೂಲೆಗೆ ಅರಿಶಿಣ ಹಚ್ಚಿದ್ರಿ" ಎಂದಳು ಚಿಗವ್ವ ಆಮೇಲೆ. "ಗಂಡ ಸತ್ತೋಳು ಹಸೆ ಹತ್ರ ಬರದು ಬ್ಯಾಡ ಅಂತ ಅಕ್ಕಂಗೂ ಅನ್ನಿಸ್ತು, ಅದಕ್ಕೆ ಬಾಗಿಲಿಗೆ ಸಿಗಿಸಿ ಕಳಿಸ್ಯಾಳೆ ಅಂತ ತಿಳ್ಕಂಡೆ. ಊರೋರು ಯಾರು ಅಂದಿದ್ರೂ ಬ್ಯಾಸ್ರ ಇರ್ಲಿಲ್ಲ ಕಣೋ. ಅಕ್ಕನೇ ಹಂಗೆ ಮಾಡಿದ್ಲಲ್ಲ ಅಂತ..."

ನಾನು ತಲೆ ತಗ್ಗಿಸಿದ್ದೆ. ಕಪಾಳಕ್ಕೆ ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಕ್ಕಂಗೆ ಗೊತ್ತೈತೇನೋ ಇದು?"

"ಇಲ್ಲ."

"ನಾನೇ ಹೇಳ್ತೀನಿ ನಡಿ. ಅವಳು ಕರ್ದಿದ್ಲು ಅಂತ ನನಗೆ ಗೊತ್ತಾತಲ್ಲ, ಅಷ್ಟೇ ಹೇಳ್ತೀನಿ. ನಿನ್ನ ಬಯ್ಯದು ಆಮೇಲೆ."

ನಾವು ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆ ಆಗಿತ್ತು. ಗೇಟಿನ ಹತ್ತಿರ ಶಾಂತ ನಿಂತಿದ್ದಳು. ಅವಳ ಮುಖ ನೋಡಿಯೇ ಚಿಗವ್ವ ಅಲ್ಲೇ ಕುಕ್ಕರಿಸಿದಳು. ಮೂರು ಗಂಟೆಗೆ ಅವ್ವ ಹೋಗಿದ್ದಳು. ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು ಎಂದು ಶಾಂತ ಹೇಳಿದಳು. ನನ್ನ ಮದುವೆಯ ದಿನ ನೋಡಿದ ಹಾಗೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಅವ್ವ ಹಾಗೆ ಕೂತಿದ್ದಳು. ಚಿಗವ್ವ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು, ಇಬ್ಬರೂ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳಲು ಕೂತ ಹಾಗೆ. ಮಾತು ಶುರು ಮಾಡಿದಳು.

"ಅಕ್ಕ, ನೀನು ಕರ್ದಿದ್ದೆ ಅಂತ ಗೊತ್ತಾತು ಕಣೆ. ನಿನ್ನೆ ಸೊರಬದ ಬಸ್ ಸ್ಟ್ಯಾಂಡಿನಾಗೆ ಗೊತ್ತಾತು. ಮೊದ್ಲೇ ಗೊತ್ತಾಗಿದ್ರೆ ನಾನು ಬರದೆ ಇರ್ತಿದ್ನೇನೆ? ಆಸ್ಪತ್ರೆಗೆ ಬಂದಿದ್ದೆ ಕಣೆ. ಸಿಟ್ಟಿಂದ ಸುಮ್ನೆ ಕೂತಿರ್ಲಿಲ್ಲ. ನಿನ್ನ ಹಿಮ್ಮಡಿ ಎಷ್ಟು ಒಡ್ದಾವೆ, ಎಣ್ಣಿ ಹಚ್ಕಳದಲ್ಲೇನೆ?"

ಹೀಗೆ ಒಂಬತ್ತು ವರ್ಷದ ಮಾತು. ಗೋಡೆ ಬಿದ್ದದ್ದು, ಮತ್ತೆ ಕಟ್ಟಿಸಿದ್ದು, ಹಸು ಹೆಣ್ಣು ಕರು ಹಾಕಿದ್ದು. ನಡುವೆ ಜಗಳ, ನಡುವೆ ಅಳು. ಒಬ್ಬ ಹಿರಿಯರು, "ಸಾಕು ಸುಮ್ನಿರವ್ವ, ಜನ ಬರ್ತಾರ" ಎಂದು ಬೆರಳು ಎತ್ತಿದರು. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ. "ಮಾತಾಡ್ಲಿ ಬಿಡ್ರಿ" ಎಂದೆ.

ಮನೆ ತುಂಬ ನೆಂಟರಿದ್ದರು. ಅವಳು ಕಾರ್ಡಿನ ಮಾತು ಎಷ್ಟೋ ಸಲ ಎತ್ತಿದಳು, ಸಿಕ್ಕಿಸಿದವರು ಯಾರು ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. "ಬಯ್ಯದು ಆಮೇಲೆ" ಎಂದವಳು ಆಮೇಲೂ ಬಯ್ಯಲಿಲ್ಲ. ಬದುಕಿದ್ದಷ್ಟು ದಿನ ನಾನು ಜಡೆಗೆ ಹೋದಾಗಲೆಲ್ಲ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆಯೇ ಹಾಕುತ್ತಿದ್ದಳು. ಆ ರೊಟ್ಟಿ ನುಂಗುವುದು ಬೈಗುಳ ನುಂಗುವುದಕ್ಕಿಂತ ಕಷ್ಟವಾಗಿತ್ತು. ಅವಳೂ ಈಗ ಇಲ್ಲ.

ಆ ಯಂತ್ರವನ್ನು ತಿಥಿ ಮುಗಿದ ದಿನವೇ ಬಿಚ್ಚಿದೆ. ಪುಸ್ತಕವನ್ನು ರುದ್ರಯ್ಯ ಮೇಷ್ಟ್ರಿಗೆ ಕೊಟ್ಟೆ. ನಡೆದದ್ದನ್ನು ಅರ್ಧಂಬರ್ಧ ಹೇಳಿದಾಗ ಅವರು, "ಪುಸ್ತಕದ ತಪ್ಪು ಪುಸ್ತಕಕ್ಕೆ ಇರಲಿ ಬಸಣ್ಣ, ನಿನ್ನದು ಬೇರೆ ಐತಿ ಅನ್ನಿಸ್ತತಿ" ಎಂದರು. ಮೇಷ್ಟ್ರಲ್ಲವೇ, ಹೇಳದೆ ಬಿಟ್ಟ ಅರ್ಧವನ್ನೂ ಓದಿಬಿಟ್ಟಿದ್ದರು. ಡಬ್ಬಿಗಳಲ್ಲಿ ಶಾಂತ ಈಗಲೂ ಸಾಸಿವೆ, ಜೀರಿಗೆ ಇಟ್ಟುಕೊಂಡಿದ್ದಾಳೆ. ಒಗ್ಗರಣೆಗೆ ಎತ್ತಿಕೊಡು ಎಂದರೆ ಒಂದು ಸಲಕ್ಕೆ ಒಂದನ್ನೇ ಎತ್ತುತ್ತೇನೆ. ಎರಡನ್ನೂ ಒಟ್ಟಿಗೆ ಹಿಡಿಯಲು ಇವತ್ತಿಗೂ ಕೈ ಹೋಗುವುದಿಲ್ಲ.

ನೋವಿನ ಸಂಗತಿಯನ್ನು ಮತ್ತೆ ಮತ್ತೆ ಹೇಳಿದರೆ ಅದು ಸವೆಯುತ್ತದೆ ಎಂದು ಆ ಪುಸ್ತಕ ಹೇಳುತ್ತಿತ್ತು. ಇದನ್ನು ನನ್ನೊಳಗೆ ನಾನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ, ಒಂದೆಳೆಯೂ ಸವೆದಿಲ್ಲ. ಈಗ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರು ಯಾರೇ ಇರಲಿ, ಅವರ ಮನೆಯವರಿಗೆ ಮಾತಾಡಿಸಿ ಎಂದು ಹೇಳುತ್ತೇನೆ, ನಾನೂ ಮಾತಾಡಿಸುತ್ತೇನೆ. ಅದರಿಂದ ನನ್ನ ಅವ್ವನಿಗೆ ಏನೂ ಆಗುವುದಿಲ್ಲ ಎಂದು ಗೊತ್ತು.

ಒಂದು ಯೋಚನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಆ ಪುಸ್ತಕದ ಮಾತು ನಿಜವಾಗಿದ್ದರೆ, ಅವ್ವನ ಒಳಗಿದ್ದ ಆ ಸಾವಿಲ್ಲದವಳು 'ನೀಲಿ ಬಂದಳು, ಮಾತಾಡಲಿಲ್ಲ' ಎಂಬ ನೋವನ್ನು ಅಚ್ಚು ಮಾಡಿಕೊಂಡೇ ಮುಂದಿನ ಜನ್ಮಕ್ಕೆ ಹೋಗಿದ್ದಾಳೆ. ಅದು ಸುಳ್ಳಾಗಿದ್ದರೆ, ಅಕ್ಕ ತಂಗಿಗೆ ಸಿಕ್ಕಿದ್ದ ಎರಡು ಗಂಟೆಯನ್ನು ನಾನು ಏನೂ ಅಲ್ಲದ್ದಕ್ಕೆ ಕಳೆದೆ. ಎರಡರಲ್ಲಿ ಯಾವುದು ನಿಜವಾದರೂ ತಪ್ಪು ನನ್ನದೇ. ಆದರೂ ದಿನಾ ದೇವರ ಮುಂದೆ ನಿಂತಾಗ, ಆ ಪುಸ್ತಕ ಪೂರ್ತಿ ಸುಳ್ಳಾಗಿರಲಿ ಎಂದೇ ಬೇಡಿಕೊಳ್ಳುತ್ತೇನೆ.